ಹೇಳಿದಷ್ಟೇ ಜೋರಾಗಿ ತಿದ್ದಿ: ಹಾಸನದಿಂದ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಎಲ್ಲ ಪಕ್ಷಗಳ ಜನಪ್ರತಿನಿಧಿಗಳಿಗೆ, ಇಲ್ಲಿ ವ್ಯಾಪಾರ ಮಾಡುವ ಕಂಪನಿ ಮತ್ತು ಆಸ್ಪತ್ರೆಗಳ ಮಾಲೀಕರಿಗೆ, ನಿಮ್ಮ ಪರವಾಗಿ ಜಾಹೀರಾತು, ಪೋಸ್ಟ್ ಬರೆದುಕೊಡುವವರಿಗೆ,

ನಮಸ್ಕಾರ.

ನಾನು ಹಾಸನದಲ್ಲಿ ಒಂದು ಮೆಡಿಕಲ್ ಶಾಪ್ ಇಟ್ಟುಕೊಂಡವನು. ಯಾವ ಪಕ್ಷದ ಶಾಲನ್ನೂ ಹೆಗಲಿಗೆ ಹಾಕಿಕೊಂಡವನಲ್ಲ. ಓಟು ಹಾಕುತ್ತೇನೆ, ಯಾರಿಗೆ ಅಂತ ಮನೆಯಲ್ಲೂ ಹೇಳುವುದಿಲ್ಲ. ನಿಮ್ಮ ಹತ್ತಿರ ಕೇಳೋದು ಒಂದೇ. ನೀವು ದೊಡ್ಡ ದನಿಯಲ್ಲಿ ಏನನ್ನೋ ಹೇಳುತ್ತೀರಿ. ಆಮೇಲೆ ಅದು ತಪ್ಪು ಅಂತಲೋ, ಅರ್ಧ ಸತ್ಯ ಅಂತಲೋ ಗೊತ್ತಾಗುತ್ತೆ. ಆಗ ಅದನ್ನು ಅಷ್ಟೇ ದೊಡ್ಡ ದನಿಯಲ್ಲಿ ತಿದ್ದಿ. ಹೇಳಿದ ಜಾಗದಲ್ಲೇ, ಹೇಳಿದ ಅಳತೆಯಲ್ಲೇ, ಕೇಳಿಸಿಕೊಂಡ ಜನಕ್ಕೇ ತಲುಪುವ ಹಾಗೆ.

ಇದೇನು ಸಣ್ಣ ವಿಷಯ ಅನ್ನಬೇಡಿ. 2025ರ ಜೂನ್, ಜುಲೈ ನೆನಪು ಮಾಡಿಕೊಳ್ಳಿ.

ಆಗ ಟಿವಿ ಹಾಕಿದರೆ ಹಾಸನ, ಮೊಬೈಲ್ ತೆಗೆದರೆ ಹಾಸನ. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅಂತ ಸುದ್ದಿ. ಚಿಕ್ಕ ವಯಸ್ಸಿನವರೂ ಅದರಲ್ಲಿದ್ದರು. ಆ ಮನೆಗಳ ದುಃಖದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ದುಃಖ ಹಿಡಿದುಕೊಂಡು ಯಾರ್ಯಾರೋ ಏನೇನೋ ಮಾತಾಡಿದರು. ಹೆದರಿದ ಜನ ಬೆಳಕು ಹರಿಯುವ ಮುಂಚೆಯೇ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ನಿಜವಾಗಿ ಕಾಯಿಲೆ ಇದ್ದವರೂ ಅದೇ ಸಾಲಿನಲ್ಲಿ ಕಾಯಬೇಕಾಯಿತು.

ನನ್ನ ಕೌಂಟರ್ ಮುಂದೆ ಏನಾಗುತ್ತಿತ್ತು ಅಂತ ಹೇಳ್ತೀನಿ ಕೇಳಿ. ದಿನಾ ಗ್ಯಾಸ್ ಮಾತ್ರೆ ಒಯ್ಯುತ್ತಿದ್ದ ಹುಡುಗರು ಎದೆ ಹಿಡಿದುಕೊಂಡು ಬಂದು, "ಅಣ್ಣಾ, ಇದು ಗ್ಯಾಸೋ ಹಾರ್ಟೋ ಹೆಂಗೆ ಗೊತ್ತಾಗುತ್ತೆ?" ಅಂತ ಕೇಳುತ್ತಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಮೂರು ಮಾತ್ರೆಯ ಫೋಟೋ ಓಡಾಡುತ್ತಿತ್ತು. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್. ಜೇಬಲ್ಲಿಟ್ಟುಕೊಂಡರೆ ಜೀವ ಉಳಿಯುತ್ತೆ ಅಂತ ಕೆಳಗೆ ಬರಹ. ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸುತ್ತೆ, ಬಿಪಿ ಇಳಿಸುತ್ತೆ. ಮೊದಲೇ ಬಿಪಿ ಕಡಿಮೆ ಇರುವವನು ನುಂಗಿದರೆ ನಿಂತಲ್ಲೇ ಕುಸಿಯಬಹುದು. ಡಾಕ್ಟರ್ ಚೀಟಿ ಇಲ್ಲದೆ ಕೊಡಲ್ಲ ಅಂದರೆ ನನ್ನ ಮೇಲೇ ಜಗಳ. ಒಬ್ಬ ತಾಯಿ ಮಗನ ಕೋವಿಡ್ ಲಸಿಕೆ ಸರ್ಟಿಫಿಕೇಟ್ ಪ್ರಿಂಟ್ ತೆಗೆಸಿಕೊಂಡು ಬಂದಿದ್ದರು. ನೀಟಾಗಿ ಲ್ಯಾಮಿನೇಷನ್ ಬೇರೆ. "ಇದು ಮೈಯಿಂದ ಇಳಿಯೋಕೆ ಏನಾದ್ರೂ ಔಷಧಿ ಇದೆಯಾ ಅಪ್ಪಾ?" ಅಂದರು. ಆ ಸರ್ಟಿಫಿಕೇಟ್ ನಾಲ್ಕು ವರ್ಷ ಹಳೆಯದು. ನಾಲ್ಕು ವರ್ಷ ಇಲ್ಲದ ಭಯ ಆ ವಾರ ಎಲ್ಲಿಂದ ಬಂತು?

ಎಲ್ಲಿಂದ ಬಂತು ಅಂತ ನಿಮಗೂ ಗೊತ್ತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಎಕ್ಸ್‌ನಲ್ಲಿ ಬರೆದರು. ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಈ ಸಾವುಗಳಿಗೆ ಒಂದು ಕಾರಣ ಇರಬಹುದು ಅನ್ನುವ ಅರ್ಥದ ಮಾತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಹತ್ತು ದಿನದಲ್ಲಿ ವರದಿ ಕೊಡಲಿ ಅಂತಲೂ ಅವರೇ ಹೇಳಿದ್ದರು. ವರದಿ ಕೇಳಿದ್ದು ಸರಿ. ಅದು ಕೈಗೆ ಬರುವ ಮೊದಲೇ ಉತ್ತರ ಊಹಿಸಿದ್ದು ಸರಿಯಲ್ಲ. ಮರುದಿನ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನ ಮುಂದಿಟ್ಟು, ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಇಲ್ಲ ಅಂದಿತು. ಔಷಧ ಕಂಪನಿ ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅವರೂ ಎಕ್ಸ್‌ನಲ್ಲೇ ಆ ಮಾತು ತಪ್ಪು ಅಂದರು. ಆಮೇಲೆ ಪಕ್ಷಗಳ ಜಗಳ, ಚಾನೆಲ್‌ಗಳ ಚರ್ಚೆ. ಸರ್ಕಾರ, ಕೇಂದ್ರ, ಕಂಪನಿ, ಎಲ್ಲರೂ ಒಬ್ಬರಿಗೊಬ್ಬರು ಮಾತಾಡಿಕೊಂಡರು. ಸರ್ಟಿಫಿಕೇಟ್ ಹಿಡಿದು ನಿಂತ ಆ ತಾಯಿ ಜೊತೆ ಯಾರೂ ಮಾತಾಡಲಿಲ್ಲ.

ಜುಲೈನಲ್ಲೇ ವರದಿ ಬಂತು. ಹಾಸನದಲ್ಲಿ ಹೃದಯದ ಸಾವು ಹಿಂದಿಗಿಂತ ಅಸಹಜವಾಗಿ ಏರಿಲ್ಲ. ಲೆಕ್ಕಕ್ಕೆ ಸೇರಿದ್ದ ಸಾವುಗಳಲ್ಲಿ ಕೆಲವು ಹೃದಯಕ್ಕೆ ಸಂಬಂಧಪಟ್ಟವೇ ಅಲ್ಲ. ಲಸಿಕೆ ನೇರ ಕಾರಣ ಅನ್ನೋದಕ್ಕೆ ಆಧಾರ ಇಲ್ಲ. ಬಿಪಿ, ಶುಗರ್, ತಂಬಾಕು, ಕುಡಿತ, ಬೊಜ್ಜು, ಮನೆತನದಲ್ಲಿ ಇರುವ ಹೃದ್ರೋಗ, ಹಳೆಯ ಶತ್ರುಗಳೇ ಇವು. ಆದರೆ ಈ ವರದಿ ಭಯದಷ್ಟು ಜೋರಾಗಿ ನಮ್ಮ ಬೀದಿಗೆ ಬರಲೇ ಇಲ್ಲ. ಇವತ್ತಿಗೂ ಒಬ್ಬರು ಆಟೋ ಅಣ್ಣ ಸಿಗರೇಟು ಸೇದುತ್ತಲೇ ಅಂಗಡಿ ಮುಂದೆ ನಿಂತು, "ಆ ಸೂಜಿ ಚುಚ್ಚಿಸಿಕೊಂಡು ಕೆಟ್ಟೆವು ನೋಡಿ ಸಾರ್" ಅನ್ನುತ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಅವರಿಗೆ ಮೊದಲ ಮಾತು ಕೇಳಿಸಿತು. ಎರಡನೆಯದು ಕೇಳಿಸಲಿಲ್ಲ.

ಆ ದಿನಗಳಲ್ಲಿ ಜನಕ್ಕೆ ತುರ್ತಾಗಿ ಬೇಕಿದ್ದ ಮಾಹಿತಿ ಒಂದಿತ್ತು. ಅಪ್ಪು ಹೆಸರಿನ 'ಹೃದಯ ಜ್ಯೋತಿ' ಯೋಜನೆ. ಎದೆನೋವು ಅಂತ ಹೋದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವ ವ್ಯವಸ್ಥೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಎದೆನೋವು ಶುರುವಾದ ಮೇಲೆ ಒಂದೊಂದು ನಿಮಿಷವೂ ಲೆಕ್ಕ. ಸಕಲೇಶಪುರದ ಒಳಗಿನ ಹಳ್ಳಿಯವರು ಮೈಸೂರಿಗೆ ಕಾರು ಮಾಡಿಕೊಂಡು ಹೊರಡೋದಕ್ಕಿಂತ ಹತ್ತಿರದ ಆಸ್ಪತ್ರೆಗೆ ಓಡಬೇಕು. ನಮ್ಮ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಸಿಗುತ್ತೆ? ರಾತ್ರಿ ಎರಡು ಗಂಟೆಗೂ ಸಿಗುತ್ತಾ? ಇದನ್ನು ಹೇಳುವ ಒಂದು ಬ್ಯಾನರ್ ಕೂಡ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಣಲಿಲ್ಲ. ಹುಟ್ಟುಹಬ್ಬದ ಶುಭಾಶಯ ಮಾತ್ರ ಕಂಬಕ್ಕೊಂದು ಇತ್ತು.

ಕಂಪನಿಯವರು, ಆಸ್ಪತ್ರೆಯವರು ಇಷ್ಟೊತ್ತು ಖುಷಿಯಲ್ಲಿ ಓದಿರಬಹುದು. ನಿಮ್ಮ ಸರದಿ. ಅದೇ ದಿನಗಳಲ್ಲಿ ಬೆಳಗಿನ ಪೇಪರ್ ಒಳಗೆ ಒಂದು ಕರಪತ್ರ ಬಂತು. "ಮುಂದಿನ ಸರದಿ ಯಾರದ್ದು?" ಅಂತ ಕೆಂಪು ಅಕ್ಷರದಲ್ಲಿ. ಕೆಳಗೆ ಹೃದಯ ತಪಾಸಣೆ ಪ್ಯಾಕೇಜು, ಅದಕ್ಕೆ ರಿಯಾಯಿತಿ. ಹೆಸರು ಹೇಳಲ್ಲ. ಯಾರು ಅಚ್ಚು ಹಾಕಿಸಿದರೋ ಅವರಿಗೆ ಗೊತ್ತು. ಸಾವಿನ ಮನೆ ಎದುರು ನಿಂತು ಕೂಪನ್ ಹಂಚಿದರು, ಅಷ್ಟೇ. ತಪಾಸಣೆ ಮಾಡಿಸಿಕೊಳ್ಳಿ ಅನ್ನೋದು ಒಳ್ಳೆಯ ಮಾತೇ. ಯಾರಿಗೆ ಯಾವ ತಪಾಸಣೆ ಬೇಕು, ಯಾರಿಗೆ ಬೇಡ ಅಂತ ಎರಡು ಸಾಲು ಬರೆದಿದ್ದರೆ ನಾನೇ ಅದನ್ನು ನನ್ನ ಅಂಗಡಿ ಗೋಡೆಗೆ ಅಂಟಿಸುತ್ತಿದ್ದೆ.

ಇದಕ್ಕೆಲ್ಲ ಕಾನೂನು ಇಲ್ಲ ಅಂತೇನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಅದರಲ್ಲಿ ಮುಖ ತೋರಿಸಿದ ಸ್ಟಾರ್‌ಗಳಿಗೂ ಒಂದು ವರ್ಷ ಜಾಹೀರಾತು ನಿಷೇಧ ಹೇರಬಹುದು. ದೂರು ಕೊಡೋಕೆ 1915 ನಂಬರ್ ಇದೆ. ಇನ್ನು ದಾರಿ ತಪ್ಪಿಸುವ ಔಷಧಿ ಜಾಹೀರಾತಿನ ಪತಂಜಲಿ ಪ್ರಕರಣ. 2024ರ ಏಪ್ರಿಲ್‌ನಲ್ಲಿ ಕಂಪನಿಯವರು 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ್ದೇವೆ ಅಂತ ಸುಪ್ರೀಂ ಕೋರ್ಟಿಗೆ ಹೇಳಿದರು. ನ್ಯಾಯಪೀಠ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ನೀವು ಕೊಡುತ್ತಿದ್ದ ಜಾಹೀರಾತಿನ ಅಳತೆಯಲ್ಲೇ ಈ ಕ್ಷಮಾಪಣೆಯೂ ಇದೆಯಾ ಅಂತ. ಆಮೇಲೆ ದೊಡ್ಡದಾಗಿ ಅಚ್ಚಾಯಿತು. ನಾನು ಈ ಪತ್ರದಲ್ಲಿ ಕೇಳುತ್ತಿರೋದೂ ಆ ಅಳತೆಯ ಲೆಕ್ಕವನ್ನೇ. ಕಂಪನಿಗೆ ಅನ್ವಯಿಸಿದ ಮಾತು ಮಂತ್ರಿಗೂ, ಶಾಸಕರಿಗೂ, ಪಕ್ಷದ ಐಟಿ ಸೆಲ್ಲಿಗೂ ಯಾಕೆ ಅನ್ವಯಿಸಬಾರದು?

ನನ್ನ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಯಾವುದೋ ಔಷಧಿಯ ಒಂದು ಬ್ಯಾಚ್ ಸರಿ ಇಲ್ಲ ಅಂತಾದರೆ ಸ್ಟಾಕಿಸ್ಟ್ ಕಡೆಯಿಂದ ಬ್ಯಾಚ್ ನಂಬರ್ ಸಮೇತ ಸುದ್ದಿ ಬರುತ್ತೆ. ರ‍್ಯಾಕಿನಿಂದ ಇಳಿಸಿ, ಬೇರೆ ಡಬ್ಬಕ್ಕೆ ಹಾಕಿ, ವಾಪಸ್ ಕಳಿಸುತ್ತೇವೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟ ಇಲ್ಲದ ಔಷಧಿಗಳ ಪಟ್ಟಿಯನ್ನು ತಿಂಗಳು ತಿಂಗಳು ಹೊರಡಿಸುತ್ತೆ. ಹಾಗಂತ ಆ ಕಂಪನಿಗಳೆಲ್ಲ ಬಾಗಿಲು ಹಾಕಿಲ್ಲ. ವಾಪಸ್ ತಗೊಂಡ ಕಂಪನಿಯನ್ನು ನಾವು ಜಾಸ್ತಿ ನಂಬುತ್ತೇವೆ. ನಿಮ್ಮ ಮಾತಿಗೂ ಒಂದು ಬ್ಯಾಚ್ ನಂಬರ್ ಇರಲಿ ಅಂತ ನನ್ನ ಆಸೆ. ಯಾವತ್ತು, ಎಲ್ಲಿ, ಯಾರು ಹೇಳಿದ್ದು, ಈಗ ಯಾವುದು ವಾಪಸ್. "ತಿದ್ದಿದರೆ ಎದುರು ಪಾರ್ಟಿಯವರು ಆಡಿಕೊಳ್ತಾರೆ" ಅಂತ ನಿಮ್ಮ ಕಡೆಯವರು ಹೇಳುತ್ತಾರಂತೆ. ಆಡಿಕೊಳ್ಳಲಿ ಬಿಡಿ. ತಿದ್ದದಿದ್ದರೂ ಆಡಿಕೊಳ್ಳುತ್ತಾರಲ್ವಾ?

ಇದು ಒಂದು ಪಕ್ಷದ ಚಾಳಿ ಅಲ್ಲ. ಸರ್ಕಾರ ಬದಲಾದರೆ ಮಾತಾಡುವ ಬಾಯಿ ಬದಲಾಗುತ್ತೆ, ಅಷ್ಟೇ. ಎತ್ತಿನಹೊಳೆ ತಗೊಳ್ಳಿ. ನಮ್ಮ ಸಕಲೇಶಪುರದ ಕಾಡಿನಿಂದ 24.01 ಟಿಎಂಸಿ ನೀರು ಬಯಲುಸೀಮೆಗೆ. 2014ರಲ್ಲಿ ಅಡಿಗಲ್ಲು ಬಿದ್ದಾಗ ಲೆಕ್ಕ ಸುಮಾರು 12,912 ಕೋಟಿ ರೂಪಾಯಿ. ಈಗ 23,251 ಕೋಟಿ ದಾಟಿದೆ. ಸಿಗುವ ನೀರು ಹೇಳಿದ್ದರ ಅರ್ಧವೂ ಇಲ್ಲ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ತಂಡ ಹೇಳಿತ್ತು. 2024ರ ಗೌರಿ ಹಬ್ಬದ ದಿನ ಮೊದಲ ಹಂತ ಉದ್ಘಾಟನೆ ಆಯಿತು, ಬಾಗಿನ ಬಿಟ್ಟರು. ಕೋಲಾರದವರಿಗೆ ನೀರು ಸಿಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಯೋಜನೆ ಶುರುವಾದಾಗ ಪೇಪರ್ ತುಂಬ ಜಾಹೀರಾತು ಕೊಡುವವರು ವೆಚ್ಚ ಏರಿದಾಗ, ತಾರೀಖು ಮುಂದೆ ಹೋದಾಗ ಒಂದು ಕಾಲು ಪುಟ ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಏನು ಹೇಳುತ್ತೆ? ಜನಕ್ಕೆ ಸಂಬಂಧಪಟ್ಟ ದೊಡ್ಡ ತೀರ್ಮಾನಗಳ ವಿವರವನ್ನು ಯಾರೂ ಕೇಳದೆಯೇ, ಸ್ಥಳೀಯ ಭಾಷೆ ಗಮನದಲ್ಲಿಟ್ಟುಕೊಂಡು ತಲುಪಿಸಿ ಅಂತ. ಕಾಯ್ದೆ ಬಂದಿದ್ದು 2005ರಲ್ಲಿ. ನಮ್ಮ ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದಿದ್ದು 2007ರಲ್ಲಿ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಹಾಸನದವರು ನಗುತ್ತಾರೆ.

ಸರ್ಕಾರಿ ಜಾಹೀರಾತಿನಲ್ಲಿ ಫೋಟೋ ವಿಷಯಕ್ಕೆ 2015ರಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತ್ತು. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆ ಮುಖ ಬೇಡ ಅಂತ. ರಾಜ್ಯಗಳು ಹೋಗಿ ಕೇಳಿಕೊಂಡವು. 2016ರಲ್ಲಿ ಮುಖ್ಯಮಂತ್ರಿ, ರಾಜ್ಯಪಾಲ, ಮಂತ್ರಿಗಳಿಗೂ ಅವಕಾಶ ಸಿಕ್ಕಿತು. ಸರ್ಕಾರಿ ದುಡ್ಡಿನ ಜಾಹೀರಾತು ಪಕ್ಷದ ಪ್ರಚಾರ ಆಗಬಾರದು ಅನ್ನುವ ಮೂಲ ಮಾತು ಹಾಗೇ ಇದೆ. ಚುನಾವಣಾ ಪ್ರಣಾಳಿಕೆಗೂ 2014ರಿಂದ ಒಂದು ಸೂಚನೆ ಇದೆ. ಭರವಸೆ ಕೊಟ್ಟರೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಸ್ಥೂಲವಾಗಿಯಾದರೂ ಹೇಳಬೇಕು. ಓದಿದ್ದೀರಾ?

ಇಲ್ಲಿ ನನ್ನ ವಾದಕ್ಕೇ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ಮಾತು, ಕೆಲವು ಚಿತ್ರ ಹೊರಗೆ ಬಿಟ್ಟ ಮೇಲೆ ತಿದ್ದೋಕೆ ಆಗಲ್ಲ. 2024ರ ಲೋಕಸಭಾ ಚುನಾವಣೆ ಹೊತ್ತಿನಲ್ಲಿ ನಮ್ಮೂರಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೋ ತುಂಬಿದ ಪೆನ್ ಡ್ರೈವ್ ಹಂಚಿದರಲ್ಲ, ಅದು. ಅಪರಾಧ ಮಾಡಿದವರನ್ನು ನೋಡಿಕೊಳ್ಳೋಕೆ ಕೋರ್ಟ್ ಇದೆ. ಆ ಹೆಣ್ಣುಮಕ್ಕಳಿಗೆ ನ್ಯಾಯ ಬೇಕಿತ್ತು. ದೂರು ಪೊಲೀಸರಿಗೆ ಹೋಗಬೇಕಿತ್ತು. ಆದರೆ ಮುಖವನ್ನೂ ಮುಚ್ಚದೆ, ಓಟಿನ ಲೆಕ್ಕ ಹಾಕಿ, ಸಿಕ್ಕಸಿಕ್ಕಲ್ಲಿ ಎಸೆದು ಹೋದವರು ಮಾಡಿದ್ದೇನು? ಅನ್ಯಾಯಕ್ಕೆ ಒಳಗಾದವರನ್ನೇ ಪ್ರಚಾರದ ಸಾಮಗ್ರಿ ಮಾಡಿಕೊಂಡರು. ಚುನಾವಣಾ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಹೇಳುತ್ತೆ. ಪೆನ್ ಡ್ರೈವಿನ ಮೇಲೆ ಯಾರ ಹೆಸರೂ ಇರಲಿಲ್ಲ. ಇದರ ಬಗ್ಗೆ ಯಾವ ಪಕ್ಷವೂ ತನ್ನ ಕಾರ್ಯಕರ್ತರನ್ನು ಬಹಿರಂಗವಾಗಿ ತರಾಟೆಗೆ ತಗೊಂಡಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮತ್ತೆ ಕಂಪನಿಗಳ ವಿಷಯಕ್ಕೆ ಬರುತ್ತೇನೆ, ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಬಿಟ್ಟರೆ ಪತ್ರ ಪೂರ್ತಿ ಆಗಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಬೇಕು. ತನ್ನ ಸರಕಿಗೆ ಪ್ರಚಾರ ಸಿಗಲಿ ಅಂತ ಪ್ರಾಯೋಜಿಸಿದ್ದು ಈ ಲೆಕ್ಕಕ್ಕೆ ಬರಲ್ಲ, ಪಕ್ಷಕ್ಕೆ ಕೊಟ್ಟ ದೇಣಿಗೆಯೂ ಬರಲ್ಲ. ನನ್ನ ತಂಗಿಯನ್ನು ಕೊಟ್ಟ ಊರಲ್ಲಿ ಒಂದು ಶುದ್ಧ ಕುಡಿಯುವ ನೀರಿನ ಘಟಕ ಇದೆ. ಕಂಪನಿಯೊಂದು ಕೊಟ್ಟಿದ್ದು. ಕಾಯಿನ್ ಹಾಕೋ ತೂತಿಗೆ ಯಾರೋ ಪೇಪರ್ ತುರುಕಿದ್ದಾರೆ, ನಲ್ಲಿ ಒಣಗಿ ಸುಣ್ಣ ಕಟ್ಟಿದೆ, ಒಳಗಿನ ಮೋಟಾರ್ ಇಲ್ಲವೇ ಇಲ್ಲ. ಬೋರ್ಡು ಮಾತ್ರ ಪಳಪಳ. ಅದಕ್ಕೆ ಸೋಲಾರ್ ದೀಪ ಬೇರೆ, ರಾತ್ರಿಯೂ ಕಂಪನಿ ಹೆಸರು ಕಾಣಬೇಕಲ್ಲ. ಘಟಕ ಕೆಟ್ಟಿದ್ದಕ್ಕೆ ನಾನು ಕಂಪನಿಯನ್ನೊಂದೇ ದೂರಲ್ಲ, ಪಂಚಾಯ್ತಿಯೂ ಕೈ ಚೆಲ್ಲಿ ಕೂತಿದೆ. ನನ್ನ ತಕರಾರು ಬೋರ್ಡಿನ ಬಗ್ಗೆ. "ಈ ಘಟಕ ಈಗ ಕೆಲಸ ಮಾಡುತ್ತಿಲ್ಲ, ರಿಪೇರಿಗೆ ಇವರನ್ನು ಕೇಳಿ" ಅಂತ ಅದೇ ಬೋರ್ಡಿನ ಮೇಲೆ ಬರೆಯೋಕೆ ಏನು ಖರ್ಚು? ವೆಬ್‌ಸೈಟಿನಲ್ಲಿ ಇಂಗ್ಲಿಷ್ ವರದಿ ಹಾಕಿದ್ದೇವೆ ಅನ್ನುತ್ತೀರಿ. ತಂಗಿ ಊರಿನವರು ನೀರು ಹಿಡಿಯೋಕೆ ಬಿಂದಿಗೆ ತರುತ್ತಾರೆ, ಲ್ಯಾಪ್‌ಟಾಪ್ ತರಲ್ಲ.

ಸರಿಯಾಗಿ ಮಾತಾಡೋದು ಸಾಧ್ಯ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಆಲೂರು, ಸಕಲೇಶಪುರ, ಬೇಲೂರು ಕಡೆ ಕಾಡಾನೆ ಕಾಟ ಹೊಸದಲ್ಲ. ಅಲ್ಲಿ ಅರಣ್ಯ ಇಲಾಖೆ ಮತ್ತು ವನ್ಯಜೀವಿ ಸಂಶೋಧಕರು ಸೇರಿ ಆನೆ ಎಲ್ಲಿದೆ ಅಂತ ಎಸ್ಸೆಮ್ಮೆಸ್ಸು ಕಳಿಸುವ, ಫೋನಿನಲ್ಲಿ ಧ್ವನಿ ಸಂದೇಶ ಕೊಡುವ, ರಸ್ತೆ ಬದಿ ಎಲ್ಇಡಿ ಬೋರ್ಡಿನಲ್ಲಿ ತೋರಿಸುವ ವ್ಯವಸ್ಥೆ ಮಾಡಿದರು. ಕಾಫಿ ತೋಟದ ಕೂಲಿ ಹೆಂಗಸು ಬೆಳಗ್ಗೆ ಎದ್ದು ಅದನ್ನು ನೋಡಿ ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನ ಮಾಡುತ್ತಾಳೆ. ಓದೋಕೆ ಬರದಿದ್ದರೆ ಕಿವಿಗಿಟ್ಟುಕೊಂಡು ಕೇಳುತ್ತಾಳೆ. ಅಲ್ಲಿ ಯಾರ ಫೋಟೋನೂ ಇಲ್ಲ, ಜೈಕಾರ ಇಲ್ಲ. ಆನೆ ಜಾಗ ಬದಲಿಸಿದರೆ ಸುದ್ದಿಯೂ ಬದಲಾಗುತ್ತೆ. ನಿನ್ನೆ ಹೇಳಿದ್ದನ್ನೇ ಇವತ್ತೂ ಹಿಡಿದುಕೊಂಡು ಕೂತರೆ ಜೀವ ಹೋಗುತ್ತೆ ಅಂತ ಕಳಿಸುವವರಿಗೆ ಗೊತ್ತು. ಎಲ್ಲ ಕಡೆ, ಎಲ್ಲ ದಿನ ಅದು ಸರಿಯಾಗಿ ನಡೆಯುತ್ತೆ ಅಂತ ನಾನು ಹೇಳಲ್ಲ. ತೋಟದವರನ್ನು ಕೇಳಿದರೆ ದೂರೂ ಸಿಗುತ್ತೆ. ಆದರೂ ಕೇಳುವವರಿಗೆ ಏನು ಬೇಕು ಅಂತ ಯೋಚಿಸಿ ಮಾಡಿದ್ದು ಅದು.

ದೊಡ್ಡ ಪಟ್ಟಣಗಳಲ್ಲಿ ಒಂದು ಸುದ್ದಿ ಸುಳ್ಳು ಅನ್ನಿಸಿದರೆ ವಿಚಾರಿಸೋಕೆ ಹತ್ತು ದಾರಿ ಇವೆ. ಪರಿಚಯದ ಡಾಕ್ಟರ್, ಓದಿದ ನೆಂಟರು. ನಮ್ಮ ಕಡೆ ಎಷ್ಟೋ ಮನೆಗೆ ನೀವೇ ಮೊದಲ ಮಾತು, ನೀವೇ ಕೊನೆಯ ಮಾತು. ಎಮ್ಮೆಲ್ಲೆ ಹೇಳಿದರು, ಟಿವಿಯಲ್ಲಿ ಬಂತು, ದೊಡ್ಡ ಆಸ್ಪತ್ರೆಯವರು ಬರೆದಿದ್ದಾರೆ, ಮುಗೀತು. ಹಾಗಾಗಿ ನಿಮ್ಮ ಹೊರೆ ಜಾಸ್ತಿ.

ನನ್ನ ಬೇಡಿಕೆ ಇಷ್ಟು. ಜಿಲ್ಲೆಯಲ್ಲಿ ಆರೋಗ್ಯದ ಆತಂಕ ಎದ್ದಾಗ ಜಿಲ್ಲಾ ಆರೋಗ್ಯಾಧಿಕಾರಿ ದಿನಾ ಒಂದೇ ಹೊತ್ತಿಗೆ ಹಾಸನ ಆಕಾಶವಾಣಿಯಲ್ಲಿ ಮಾತಾಡಲಿ. ಗೊತ್ತಿರೋದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಅಂತ ಹೇಳಲಿ. ರಾಜಕಾರಣಿಗಳು ಅಲ್ಲಿವರೆಗೆ ಕಾರಣ ಹುಡುಕೋಕೆ ಹೋಗದೆ ಸುಮ್ನೆ ಇದ್ದರೂ ಅದೇ ದೊಡ್ಡ ಉಪಕಾರ. ವರದಿ ಬಂದ ಮೇಲೆ ಅದರ ಒಂದು ಪುಟದ ಕನ್ನಡ ಸಾರಾಂಶ ಪ್ರತಿ ಪಂಚಾಯ್ತಿ, ಪ್ರತಿ ಮೆಡಿಕಲ್ ಶಾಪಿಗೆ ಬರಲಿ. ಅಂಟಿಸೋಕೆ ನಾವಿದ್ದೇವೆ. ಕಂಪನಿಗಳು ಸಿಎಸ್ಆರ್ ಖರ್ಚನ್ನು ಕನ್ನಡದಲ್ಲಿ ಬರೆದು, ಕೆಲಸ ಮಾಡಿದ ಊರಿನ ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಓದಲಿ. ಜನ ಪ್ರಶ್ನೆ ಕೇಳಿದರೆ ಕೂತು ಉತ್ತರ ಕೊಡಲಿ.

ಕೊನೆಯದು ತಕ್ಷಣ ಆಗುವಂಥದ್ದು. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ವಯಸ್ಸಾದವರು, ಬಿಪಿ ಇರುವವರು, ಶುಗರ್ ಇರುವವರು. ಆ ದಾರಿಯುದ್ದಕ್ಕೂ ನಿಮ್ಮ ಸ್ವಾಗತ ಬ್ಯಾನರ್ ಇದ್ದೇ ಇರುತ್ತೆ. ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಆಗಿದ್ದು 2016ರಲ್ಲೇ, ಅದಕ್ಕೇ ಬಟ್ಟೆಯದ್ದೇ ಹಾಕಿಸಿ. ಅದರಲ್ಲಿ ಅರ್ಧ ಜಾಗ ಬಿಟ್ಟುಕೊಡಿ. ಎದೆನೋವು ಬಂದರೆ 108ಕ್ಕೆ ಕರೆ ಮಾಡಿ, ಹತ್ತಿರದ ಇಸಿಜಿ ಇರೋದು ಇಲ್ಲಿ, ಇಂಜೆಕ್ಷನ್ ಪುಕ್ಕಟೆ ಸಿಗೋದು ಈ ಆಸ್ಪತ್ರೆಯಲ್ಲಿ, ರಾತ್ರಿಯೂ ಬಾಗಿಲು ತೆಗೆದಿರುತ್ತೆ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ. ಉಳಿದ ಅರ್ಧದಲ್ಲಿ ನಿಮ್ಮ ಫೋಟೋ ಹಾಕಿಕೊಳ್ಳಿ, ನನ್ನ ಅಭ್ಯಂತರ ಇಲ್ಲ.

ಇಂತಿ,
ಹಾಸನದ ಒಬ್ಬ ಮೆಡಿಕಲ್ ಶಾಪ್‌ನವನು